ಶಾಲೆ ಗೇಟಿನ ನೂರು ಗಜ: ಒಂದು ಠರಾವು ಬಂದ ಬಗೆ, ಹೋದ ಬಗೆ

ಅಂಕೋಲಾ ಮತ್ತು ಕುಮಟಾ ನಡುವೆ, ಹೆದ್ದಾರಿ 66ಕ್ಕೆ ತಾಗಿಕೊಂಡ ಒಂದು ಊರಿನ ಪ್ರಕರಣ ಇದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಲ್ಕು ಜನರ ಮೇಲೆ ಬೊಟ್ಟು ಮಾಡಿದ ಹಾಗಾಗುತ್ತದೆ, ಮಾತು ಅಲ್ಲಿಗೇ ನಿಂತುಬಿಡುತ್ತದೆ. ಆದದ್ದು ಇಷ್ಟು. ಶಾಲೆಯ ಸುತ್ತ ತಂಬಾಕು ಮಾರಬಾರದು ಎಂದು 2022ರಲ್ಲಿ ಗ್ರಾಮಸಭೆ ಠರಾವು ಮಾಡಿತು. ಸುಮಾರು ಎರಡು ವರ್ಷ ಅದು ಚೆನ್ನಾಗಿಯೇ ನಡೆಯಿತು. 2024ರ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಪಂಚಾಯ್ತಿ ಅದನ್ನು ಸಡಿಲ ಮಾಡಿತು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಶಾಲೆಯ ಹತ್ತಿರ ಮತ್ತೆ ಪೊಟ್ಟಣದ ಸರ ತೂಗಿದಾಗಲೇ ಊರಿಗೆ ಗೊತ್ತಾದದ್ದು.

ನಾನು ಆ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೇನೆ. ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ. ಮಗಳು ಅಲ್ಲೇ ಓದುತ್ತಾಳೆ. ಹಾಗಾಗಿ ಇದು ದೂರ ನಿಂತು ಬರೆದ ವರದಿ ಅಲ್ಲ. ಆದರೂ ಆದದ್ದನ್ನು ಆದ ಹಾಗೇ ಇಡಲು ನೋಡಿದ್ದೇನೆ. ಬೇರೆ ಊರಿನ ಶಾಲೆಗಳವರು ಇಂಥದ್ದೇ ಕೆಲಸಕ್ಕೆ ಕೈ ಹಾಕಿದಾಗ ಎಲ್ಲಿ ಎಡವುತ್ತದೆ ಎಂದು ಗೊತ್ತಿರಲಿ, ಅಷ್ಟೇ.

ಜಾಗ

ಶಾಲೆಯ ಒಂದು ಬದಿಗೆ ಹೆದ್ದಾರಿ, ಇನ್ನೊಂದು ಬದಿಗೆ ಬಂದರಿಗೆ ಇಳಿಯುವ ರಸ್ತೆ. ಬಸ್ ಸ್ಟಾಪು ಗೇಟಿಗೆ ಅಂಟಿಕೊಂಡೇ ಇದೆ. ಬೆಳಿಗ್ಗೆ ಬೋಟಿನಿಂದ ಇಳಿದ ಖಲಾಸಿಗಳು, ಮೀನಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುವ ಹೆಂಗಸರು, ಯೂನಿಫಾರ್ಮಿನ ಮಕ್ಕಳು, ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಶಾಲೆಯ ಸುತ್ತ ನಾಲ್ಕು ಗೂಡಂಗಡಿಗಳು. ನಾಲ್ಕೂ ಪಂಚಾಯ್ತಿ ಜಾಗದಲ್ಲಿ ನೆಲಬಾಡಿಗೆ ಕೊಟ್ಟು ನಿಂತವು.

2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಒಂದು ಪೊಟ್ಟಣ ಇದ್ದದ್ದು ಎರಡಾಯಿತು. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಅಂಗಡಿಯವರು ಎರಡನ್ನೂ ಜೊತೆಗೇ ಹರಿದು ಕೊಡುತ್ತಾರೆ. ಗಿರಾಕಿ ತುದಿಯನ್ನು ಹಲ್ಲಲ್ಲಿ ಕಚ್ಚಿ, ಸಣ್ಣದನ್ನು ದೊಡ್ಡದಕ್ಕೆ ಸುರಿದು, ಎರಡು ಸಲ ಅಲ್ಲಾಡಿಸಿ, ತಲೆ ಮೇಲೆತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಷೇಧ ಆದ ಗುಟ್ಕಾ ಅವನ ಬಾಯೊಳಗೆ ಮತ್ತೆ ತಯಾರಾಗುತ್ತದೆ. ಇದನ್ನು ದಿನಾ ನೋಡುವ ಮಕ್ಕಳಿಗೆ ಈ ಕೈಚಳಕ ಪೂರ್ತಿ ಗೊತ್ತಿತ್ತು. ಏಳನೇ ಕ್ಲಾಸಿನ ಹುಡುಗರು ಬಿಡುವಿನಲ್ಲಿ ಖಾಲಿ ಪೊಟ್ಟಣ ಹೆಕ್ಕಿ ತಂದು, ಸೋಂಪು ತುಂಬಿ, ಹಾಗೇ ಅಲ್ಲಾಡಿಸಿ, ಹಾಗೇ ತಲೆ ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಶಾಲೆಯ ಅಕ್ಕೋರೊಬ್ಬರು ಅದನ್ನು ನೋಡಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಆ ಪೊಟ್ಟಣಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಎಸ್‌ಡಿಎಂಸಿ ಸಭೆಗೆ ತಂದು ಮೇಜಿನ ಮೇಲೆ ಸುರಿದರು. ಎಲ್ಲ ಶುರುವಾದದ್ದು ಅಲ್ಲಿಂದ.

ಠರಾವು ಬಂದದ್ದು

ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದು ಅನ್ನುವುದು ಹೊಸ ವಿಷಯವೇನಲ್ಲ. ತಂಬಾಕು ನಿಯಂತ್ರಣಕ್ಕೆ ಕೇಂದ್ರ ಮಾಡಿದ 2003ರ ಕೋಟ್ಪಾ ಕಾಯ್ದೆಯಲ್ಲೇ ಇದೆ, ಆರನೇ ಸೆಕ್ಷನ್ನು. ಆದರೆ ದಂಡ ಇದ್ದದ್ದು 200 ರೂಪಾಯಿವರೆಗೆ. ಅದನ್ನು ಹಾಕಲು ಯಾರಾದರೂ ಬರಬೇಕಲ್ಲ? ನಮ್ಮ ಊರಿಗೆ ಬರುವವರು ಬಂದದ್ದು ಅಪರೂಪ. ಬಂದ ದಿನ ಸರಗಳು ಒಳಗೆ ಹೋಗುತ್ತಿದ್ದವು, ಜೀಪು ಹೆದ್ದಾರಿ ದಾಟಿದ ಕೂಡಲೇ ಹೊರಗೆ ಬರುತ್ತಿದ್ದವು.

ಗ್ರಾಮಸಭೆಯ ಠರಾವು ಇದನ್ನು ಬೇರೆ ದಾರಿಯಿಂದ ಹಿಡಿಯಿತು. ಗೂಡಂಗಡಿಯ ಪರವಾನಗಿ ವರ್ಷಕ್ಕೊಮ್ಮೆ ನವೀಕರಣ ಆಗುವಂಥದ್ದು. ನೂರು ಗಜದೊಳಗಿನ ಅಂಗಡಿ ತಂಬಾಕು ಮಾರಿದರೆ ಮುಂದಿನ ವರ್ಷ ನವೀಕರಣ ಇಲ್ಲ ಅಂತ ಷರತ್ತು ಸೇರಿಸಿದರು. ಪೊಲೀಸರು ಬೇಡ, ದಾಳಿ ಬೇಡ, ಗಲಾಟೆ ಬೇಡ. 200 ರೂಪಾಯಿಗೆ ಹೆದರದವರು ಪರವಾನಗಿಗೆ ಹೆದರಿದರು. ಈ ಪ್ರಕರಣದಲ್ಲಿ ಬೇರೆಯವರು ಎತ್ತಿಕೊಳ್ಳಬಹುದಾದ ಒಂದು ಒಳ್ಳೆಯ ಸಂಗತಿ ಇದ್ದರೆ ಅದು ಇದೇ.

ಆವತ್ತಿನ ಸಭೆಗೆ ಜನ ಜಾಸ್ತಿ ಬಂದಿದ್ದರು. ಸಾಮಾನ್ಯವಾಗಿ ಗ್ರಾಮಸಭೆ ಎಂದರೆ ಮನೆ, ನೀರು, ರಸ್ತೆ ಅಷ್ಟೇ ಅಲ್ವಾ? ಆ ದಿನ ಮೀನು ಮಾರುವ ಹೆಂಗಸರು ಬುಟ್ಟಿ ಹೊರಗಿಟ್ಟು ಒಳಗೆ ಬಂದು ಕೂತರು. ಅವರಲ್ಲೊಬ್ಬರು ಎದ್ದು ನಿಂತು ತಮ್ಮ ಮಗನ ವಿಷಯ ಹೇಳಿದರು. ಅವನು ಟ್ರಾಲ್ ಬೋಟಿನಲ್ಲಿ ಖಲಾಸಿ. ರಾತ್ರಿ ನಿದ್ದೆ ಬರಬಾರದು ಎಂದು ಸಮುದ್ರದಲ್ಲಿ ಶುರು ಮಾಡಿದ ಚಟ. ಈಗ ಅವನ ಬಾಯಿ ಸರಿಯಾಗಿ ತೆರೆಯುವುದಿಲ್ಲ. ದಂತ ತಪಾಸಣೆ ಮಾಡುವವರು ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತದಾ ನೋಡಿ ಎನ್ನುತ್ತಾರೆ. ಇವನ ಬಾಯಿಗೆ ಒಂದು ಬೆರಳು ಹೋಗುವುದೂ ಕಷ್ಟ. "ಬಂಗಡೆ ಮೀನು ಬಿಡಿಸಿ ಕೊಟ್ರೂ ತಿನ್ನೂಕಾಗೂದಿಲ್ಲ. ಗಂಜಿ ತೆಳಿ ಕುಡೀತಾನೆ, ಅಷ್ಟೇ" ಎಂದರು. ಸಭೆ ಸುಮ್ಮನಾಯಿತು. ಆಮೇಲೆ ಠರಾವಿಗೆ ವಿರೋಧವೇ ಬರಲಿಲ್ಲ.

ಇಂಥ ಬಾಯಿಗೆ ಚಿಕಿತ್ಸೆ ಎಲ್ಲಿ ಎಂದು ನಮ್ಮ ಜಿಲ್ಲೆಯವರನ್ನು ಕೇಳಬೇಕು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ. ಆದರೆ ಕ್ಯಾನ್ಸರ್ ಎಂದು ಗೊತ್ತಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲದಿದ್ದರೆ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜಿಲ್ಲೆಯ ಜನ ಕೂಗಿ ಕೂಗಿ ಎಷ್ಟೋ ವರ್ಷಗಳಾದವು. ಕೂಲಿ ಬಿಟ್ಟು, ಒಬ್ಬರನ್ನು ಜೊತೆಗೆ ಕರೆದುಕೊಂಡು, ಅಷ್ಟು ದೂರ ಮತ್ತೆ ಮತ್ತೆ ಹೋಗಬೇಕು. ಈ ಜಿಲ್ಲೆಯಲ್ಲಿ ತಂಬಾಕಿನ ನಿಯಮ ಸಡಿಲ ಮಾಡುವವರು ಮೊದಲು ಈ ಬಸ್ಸಿನ ಲೆಕ್ಕ ಹಾಕಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ನಡೆದ ಎರಡು ವರ್ಷ

ಅಳತೆಯಿಂದ ಶುರು ಮಾಡಿದೆವು. ನೂರು ಗಜ ಅಂದರೆ 91 ಮೀಟರಿಗೆ ಸ್ವಲ್ಪ ಜಾಸ್ತಿ. ಎಲ್ಲಿಂದ ಅಳೆಯಬೇಕು ಅನ್ನುವುದು ಕೇಂದ್ರದ ನಿಯಮದಲ್ಲೇ ಸ್ಪಷ್ಟ ಇದೆ. ಶಾಲೆಯ ಕಾಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ ನೇರವಾಗಿ. ಗೇಟಿನಿಂದಲ್ಲ, ರಸ್ತೆ ಹಿಡಿದೂ ಅಲ್ಲ. ಹೆಡ್ ಮಾಸ್ತರು, ಪಂಚಾಯ್ತಿ ಬಿಲ್ ಕಲೆಕ್ಟರು, ಇಬ್ಬರು ಸದಸ್ಯರು ಟೇಪು ಹಿಡಿದು ಕಾಂಪೌಂಡಿನ ಮೂಲೆ ಮೂಲೆಯಿಂದ ಅಳೆದರು. ನಾಲ್ಕೂ ಅಂಗಡಿ ಒಳಗೇ ಬಂದವು. ರಸ್ತೆಗೆ ಹಳದಿ ಗೆರೆ ಎಳೆದರು. ತಂಬಾಕುಮುಕ್ತ ಶಾಲೆಯ ಮಾರ್ಗಸೂಚಿಯಲ್ಲಿ ಆ ಗೆರೆ ಇರಬೇಕು ಎಂದಿದೆ. ಶಾಲೆ ಹುಡುಗರೇ ಬಣ್ಣದ ಡಬ್ಬಿ ಹಿಡಿದು ಹಿಂದೆ ಹಿಂದೆ ಓಡಿದರು.

ಊರಲ್ಲಿ ತಂಬಾಕು ನಿಂತುಹೋಯಿತಾ? ಇಲ್ಲ. ಬಂದರಿನ ಹತ್ತಿರ ಸಿಗುತ್ತಿತ್ತು, ಹೆದ್ದಾರಿಯ ಆಚೆ ಸಿಗುತ್ತಿತ್ತು. ದೊಡ್ಡವರು ಅಲ್ಲಿಗೆ ಹೋದರು. ಆದರೆ ಗೇಟಿನ ಎದುರು ಸರ ಇಲ್ಲ, ಗೋಡೆ ಮೇಲೆ ಉಗುಳಿದ ಕೆಂಪು ಇಲ್ಲ. ಮಕ್ಕಳ ಆ ಆಟ ತಾನಾಗಿಯೇ ನಿಂತಿತು. ಕಣ್ಣೆದುರು ಇಲ್ಲದ್ದನ್ನು ಯಾರು ಅನುಕರಿಸುತ್ತಾರೆ? ಠರಾವು ಮಾಡಿದ್ದು ಇಷ್ಟಕ್ಕೇ. ಅಷ್ಟು ಆಯಿತು.

ಇದರ ಬೆಲೆ ಕೊಟ್ಟವರು ನಾಲ್ಕು ಅಂಗಡಿಯವರು. ಅದನ್ನು ಇಲ್ಲಿ ಮುಚ್ಚಿಡಬಾರದು. ಗೇಟಿಗೆ ಎಲ್ಲಕ್ಕಿಂತ ಹತ್ತಿರದ ಅಂಗಡಿ ಒಬ್ಬ ಅಕ್ಕನದ್ದು. ಗಂಡ ತೀರಿಕೊಂಡ ಮೇಲೆ ಅದೇ ಅವಳ ದುಡಿಮೆ. ಅವಳು ಹೇಳಿದ್ದು ಹೀಗೆ: "ಪೊಟ್ಟಣದಲ್ಲಿ ಸಿಗೂದು ಪೈಸೆ ಲೆಕ್ಕ ಮಾರಾಯ್ರೇ. ಆದ್ರೆ ಪೊಟ್ಟಣಕ್ಕೆ ಬಂದವ ಚಾ ಕುಡೀತಾನೆ, ಬಾಳೆಹಣ್ಣು ತಗೊಳ್ತಾನೆ. ಅವ ಬರೂದೇ ನಿಂತ್ರೆ ಚಾ ಯಾರಿಗೆ ಮಾಡೂದು?" ಅವಳ ಮಾತಿನಲ್ಲಿ ಸುಳ್ಳಿಲ್ಲ. ಗೂಡಂಗಡಿಗೆ ತಂಬಾಕು ಅಂದರೆ ಲಾಭಕ್ಕಿಂತ ಜಾಸ್ತಿ ಜನ ಬರುವ ದಾರಿ. ಠರಾವಿನಲ್ಲಿ ಈ ಅಂಗಡಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನೆಲಬಾಡಿಗೆ ಕಡಿಮೆ ಮಾಡುವುದಾಗಲಿ, ಬಿಸಿಯೂಟಕ್ಕೆ ತರಕಾರಿ ಕೊಡುವ ಕೆಲಸ ಕೊಡುವುದಾಗಲಿ, ನಂದಿನಿ ಹಾಲಿನ ಮಾರಾಟಕ್ಕೆ ಸಹಾಯ ಮಾಡುವುದಾಗಲಿ, ಯಾವುದೂ ಇಲ್ಲ. ಎರಡು ಅಂಗಡಿಗಳು ಆರು ತಿಂಗಳಲ್ಲಿ ಬಾಗಿಲು ಹಾಕಿದವು. ಪಂಚಾಯ್ತಿಗೆ ಆ ಎರಡು ಜಾಗದ ಬಾಡಿಗೆ ಬರುವುದು ನಿಂತಿತು. ಮುಂದೆ ಎಲ್ಲ ಬಿಚ್ಚಿಕೊಂಡದ್ದು ಈ ತೂತಿನಿಂದಲೇ.

ಸಡಿಲ ಮಾಡಿದ ಬಗೆ

2024ರಲ್ಲಿ ಪಂಚಾಯ್ತಿಯ ಸಾಮಾನ್ಯ ಸಭೆಯೊಂದರಲ್ಲಿ, ವಿಷಯಪಟ್ಟಿಯ ಕೊನೆಗೆ ಬರುವ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಎಂಬಲ್ಲಿ ಇದು ಬಂತು. ನಡವಳಿಯ ನಕಲು ನಮಗೆ ಸಿಕ್ಕಿದ್ದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದ ಮೇಲೆ. ಅದರಲ್ಲಿ ಠರಾವು ರದ್ದು ಎಂದು ಎಲ್ಲೂ ಬರೆದಿಲ್ಲ. ಬರೆದದ್ದು ಎರಡೇ ಮಾತು. ಶಾಲೆಯಿಂದ ದೂರವನ್ನು ಮುಖ್ಯ ಗೇಟಿನಿಂದ ರಸ್ತೆ ಮಾರ್ಗವಾಗಿ ಅಳೆಯುವುದು. ಬಡ ಅಂಗಡಿಕಾರರ ಹೊಟ್ಟೆಪಾಡನ್ನು ಗಮನದಲ್ಲಿಟ್ಟು ಪರವಾನಗಿ ನವೀಕರಿಸುವುದು.

ಈಗ ಟೇಪು ತಂದು ನೋಡಿ. ಶಾಲೆಯ ಕಾಂಪೌಂಡು ಉದ್ದಕ್ಕೆ ಇದೆ. ಗೇಟು ಒಂದು ತುದಿಗೆ ಇದೆ. ರಸ್ತೆ ತಿರುವು ತೆಗೆದುಕೊಂಡು ಬಂದರಿನ ಕಡೆ ಹೋಗುತ್ತದೆ. ಗೇಟಿನಿಂದ ರಸ್ತೆ ಹಿಡಿದು ಅಳೆದರೆ, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಅಂಗಡಿ ಕೂಡ ನೂರು ಗಜ ದಾಟುತ್ತದೆ. ಆರನೇ ಕ್ಲಾಸಿನ ಕಿಟಕಿಯಿಂದ ಆ ಅಂಗಡಿಯವರ ಜೊತೆ ಮಾತಾಡಬಹುದು, ಅಷ್ಟು ಹತ್ತಿರ. ಕಾಗದದ ಮೇಲೆ ಮಾತ್ರ ಅದು ದೂರ. ಕಾಯ್ದೆಯ ಒಂದು ಅಕ್ಷರವನ್ನೂ ಮುಟ್ಟದೆ, ಟೇಪು ಹಿಡಿಯುವ ಜಾಗ ಬದಲಿಸಿ ನಾಲ್ಕರಲ್ಲಿ ಮೂರು ಜಾಗಗಳನ್ನು ಹೊರಗೆ ಹಾಕಿದರು. ಕೇಂದ್ರದ ನಿಯಮಕ್ಕೆ ಇದು ನೇರ ವಿರುದ್ಧ. ಪಂಚಾಯ್ತಿಗೆ ಆ ನಿಯಮ ಬದಲಿಸುವ ಅಧಿಕಾರವೇ ಇಲ್ಲ.

ಇನ್ನು ಹೊಟ್ಟೆಪಾಡಿನ ಮಾತು. ನಾಲ್ಕರಲ್ಲಿ ಹೊರಗೆ ಹೋಗದೆ ಒಳಗೇ ಉಳಿದ ಆ ಒಂದು ಅಂಗಡಿ ಯಾರದ್ದು? ಗಂಡ ತೀರಿಕೊಂಡ ಅಕ್ಕನದ್ದು. ಗೇಟಿಗೆ ಅಷ್ಟು ಹತ್ತಿರ ಇರುವುದರಿಂದ ಹೇಗೆ ಅಳೆದರೂ ಅದು ನೂರು ಗಜದೊಳಗೇ. ಬಾಗಿಲು ಹಾಕಿದ್ದ ಎರಡು ಜಾಗಗಳು ಹಳಬರಿಗೆ ವಾಪಸ್ ಹೋಗಲೂ ಇಲ್ಲ. ಬೇರೆ ಕಡೆ ಆಗಲೇ ಅಂಗಡಿ ಇದ್ದವರು ಅವನ್ನು ಹಿಡಿದರು. ಅಲ್ಲಿ ಈಗ ಲೈಟು ಹಾಕಿದ ಸಿಗರೇಟಿನ ಕಪಾಟು ಬಂದಿದೆ. ಅಂಗಡಿಯಲ್ಲಿ ತಂಬಾಕಿನ ಬೋರ್ಡು 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರಕ್ಕಿಂತ ದೊಡ್ಡದಿರಬಾರದು, ಅದರಲ್ಲಿ ಬ್ರಾಂಡಿನ ಹೆಸರು, ಚಿತ್ರ ಇರಬಾರದು ಎಂಬ ನಿಯಮ ಇದೆ. ಈ ಕಪಾಟೇ ಒಂದು ದೊಡ್ಡ ಬೋರ್ಡು. ಹೊಟ್ಟೆಪಾಡು ಯಾರ ಹೆಸರಲ್ಲಿ ಬಂತು, ಲಾಭ ಯಾರ ಮನೆಗೆ ಹೋಯಿತು ಎಂದು ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆ ಸಭೆಯಲ್ಲಿ ಇನ್ನೂ ಎರಡು ಮಾತು ಬಂದಿದ್ದವು ಎಂದು ಅಲ್ಲಿದ್ದ ಸದಸ್ಯರೇ ಆಮೇಲೆ ಹೇಳಿದರು.

ಒಂದು ಅಡಿಕೆ. ತಂಬಾಕಿನ ಮೇಲೆ ಕೈ ಹಾಕಿದರೆ ಪಾನ್ ಮಸಾಲಾಕ್ಕೆ ಪೆಟ್ಟು, ಪಾನ್ ಮಸಾಲಾಕ್ಕೆ ಪೆಟ್ಟು ಬಿದ್ದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದವರಿಗೆ ಪೆಟ್ಟು ಎಂದು. ಘಟ್ಟದ ಮೇಲೆ ನೆಂಟರಿರುವ ಯಾರಿಗೂ ಈ ಹೆದರಿಕೆ ಹೊಸದಲ್ಲ. 2013ರ ಗುಟ್ಕಾ ನಿಷೇಧದ ಹೊತ್ತಿಗೂ ಇದೇ ಮಾತು ಮನೆ ಮನೆಯಲ್ಲಿತ್ತು. ಕೆಂಪಡಿಕೆ ಹೋಗುವುದೇ ಪಾನ್ ಮಸಾಲಾದ ಕಡೆಗೆ, ಹಾಗಾಗಿ ಈ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದು ಶಾಲೆಯ ಸುತ್ತ ನಾಲ್ಕು ಗೂಡಂಗಡಿಯಲ್ಲಿ ತಂಬಾಕು ಮಾರದಿದ್ದರೆ ಶಿರಸಿ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಯ ದರ ಬೀಳುತ್ತದಾ? ತೋಟದವರ ಕಷ್ಟ ದೊಡ್ಡದು. ಎಲೆಚುಕ್ಕಿ ರೋಗ ಇದೆ, ಕೊಳೆ ಇದೆ, ಹೊರಗಿನ ಅಡಿಕೆಯ ಪೈಪೋಟಿ ಇದೆ. ಅದಕ್ಕೆ ಉತ್ತರ ಶಾಲೆಯ ಗೇಟಿನಲ್ಲಿ ಹುಡುಕುವುದು ತೋಟದವರಿಗೂ ಮರ್ಯಾದೆ ಅಲ್ಲ.

ಇನ್ನೊಂದು ವೇಪ್, ಅಂದರೆ ಇ-ಸಿಗರೇಟ್. ಅದೇ ವರ್ಷ ಹೈಸ್ಕೂಲಿನ ಹುಡುಗನೊಬ್ಬನ ಕಂಪಾಸ್ ಪೆಟ್ಟಿಗೆಯಲ್ಲಿ ಒಂದು ಸಿಕ್ಕಿತ್ತು. ನೋಡಲು ಥೇಟ್ ಹೈಲೈಟರ್ ಪೆನ್ನು. ಮುಚ್ಚಳ ಇಲ್ಲ, ಒಂದು ತುದಿ ಚಪ್ಪಟೆ, ಇನ್ನೊಂದು ತುದಿಯಲ್ಲಿ ಸಣ್ಣ ಬೆಳಕು. ಮೂಗಿನ ಹತ್ತಿರ ಹಿಡಿದರೆ ಮಾವಿನಹಣ್ಣಿನ ವಾಸನೆ. ಮಾಸ್ತರಿಗೆ ಮೊದಲಿಗೆ ಅದು ಏನು ಎಂದೇ ಗೊತ್ತಾಗಲಿಲ್ಲ, ಮಕ್ಕಳೇ ಹೇಳಬೇಕಾಯಿತು. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ತಯಾರಿ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲ ಅಪರಾಧ. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೂ ಅದು ನಮ್ಮ ಊರಿನ ಕಂಪಾಸ್ ಪೆಟ್ಟಿಗೆಗೆ ಬಂತು. ಫೋನಿನಲ್ಲಿ ಮೆಸೇಜು ಮಾಡಿದರೆ ತಂದುಕೊಡುವವರಿದ್ದಾರೆ ಎಂದು ಹುಡುಗ ಹೇಳಿದ.

ಈ ವಿಷಯವನ್ನು ಪಂಚಾಯ್ತಿಯಲ್ಲಿ ಬಳಸಿದ ರೀತಿ ನೋಡಿ. "ಹುಡುಗರು ಈಗ ಫೋನಿನಲ್ಲೇ ತರಿಸಿಕೊಳ್ಳುತ್ತಾರೆ, ಪಾಪ ಅಂಗಡಿಯವರ ಮೇಲೆ ಮಾತ್ರ ಯಾಕೆ ಕಟ್ಟುಪಾಡು?" ಎಂದರಂತೆ. ಹೊಸ ಅಪಾಯ ಬಂದರೆ ಹೊಸ ಬೇಲಿ ಹಾಕಬೇಕು. ಇವರು ಹಳೆಯದನ್ನೂ ಕಿತ್ತರು.

ಬೇರೆ ಕಡೆ ಆದದ್ದು

ನಮ್ಮ ಊರಿನ ಕತೆಯನ್ನು ಬರೀ ಊರಿನ ರಾಜಕೀಯ ಎಂದುಕೊಳ್ಳುವವರಿಗೆ ಇನ್ನೆರಡು ಪ್ರಸಂಗ ಹೇಳಬೇಕು.

ನ್ಯೂಜಿಲೆಂಡ್ 2022ರ ಡಿಸೆಂಬರಿನಲ್ಲಿ ಒಂದು ಕಾನೂನು ಮಾಡಿತು. 2009ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರಿಗೆ ಎಂದೂ ಸಿಗರೇಟು ಮಾರುವಂತಿಲ್ಲ. ಸಿಗರೇಟಿನಲ್ಲಿ ನಿಕೋಟಿನ್ ಬಹಳ ಕಡಿಮೆ ಮಾಡಬೇಕು. ಮಾರುವ ಅಂಗಡಿಗಳು ಸುಮಾರು 6000 ಇದ್ದವು, ಅವು 600ಕ್ಕೆ ಇಳಿಯಬೇಕು. ಪ್ರಪಂಚದಲ್ಲೇ ಅಷ್ಟು ಗಟ್ಟಿ ಕಾನೂನು ಇರಲಿಲ್ಲ. 2023ರಲ್ಲಿ ಸರ್ಕಾರ ಬದಲಾಯಿತು. ಹೊಸ ಮೈತ್ರಿ ಸರ್ಕಾರ ಇದನ್ನು ರದ್ದು ಮಾಡುತ್ತೇವೆ ಎಂದಿತು. ಉಳಿಯುವ ತಂಬಾಕಿನ ತೆರಿಗೆ ಹಣ ಆದಾಯ ತೆರಿಗೆ ಇಳಿಸಲು ನೆರವಾಗುತ್ತದೆ ಎಂದು ಹಣಕಾಸು ಸಚಿವೆಯೇ ಹೇಳಿದರು. ಸಣ್ಣ ಅಂಗಡಿಯವರ ಕಷ್ಟದ ಮಾತೂ ಜೋರಾಗಿ ಬಂತು. ಅಲ್ಲಿ ಮೂಲೆ ಅಂಗಡಿ ನಡೆಸುವವರಲ್ಲಿ ಭಾರತದ ಮೂಲದವರು ಬಹಳ. ಅಂಗಡಿಯವರ ಹೆಸರಲ್ಲಿ ನಡೆದ ಪ್ರಚಾರಕ್ಕೆ ತಂಬಾಕು ಕಂಪನಿಗಳ ಬೆಂಬಲ ಇತ್ತು. 2024ರ ಫೆಬ್ರವರಿ ಕೊನೆಗೆ ತುರ್ತು ಕ್ರಮದಲ್ಲಿ ಮಸೂದೆ ತಂದು ರದ್ದು ಮಾಡಿದರು. ತುರ್ತು ಎಂದ ಮೇಲೆ ಜನರ ಅಭಿಪ್ರಾಯ ಕೇಳುವ ಹಂತವೇ ಇಲ್ಲ. ಅಲ್ಲಿನ ವೈದ್ಯರಿಗೆ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಆರೋಗ್ಯ ಕಾರ್ಯಕರ್ತರಿಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ. ಮಾವೊರಿಗಳಲ್ಲಿ ಸೇದುವವರು ಜಾಸ್ತಿ, ಸಾಯುವವರೂ ಜಾಸ್ತಿ. ಅವರನ್ನು ಒಂದು ಮಾತು ಕೇಳಲಿಲ್ಲ. ಅದೇ ವರ್ಷ ಬಿಸಿ ಮಾಡಿ ಎಳೆಯುವ ತಂಬಾಕಿನ ಮೇಲಿನ ಸುಂಕವನ್ನೂ ಅರ್ಧಕ್ಕೆ ಇಳಿಸಿದರು.

ನಮ್ಮ ದೇಶದ್ದೇ ಇನ್ನೊಂದು. ಪೊಟ್ಟಣದ ಎರಡೂ ಬದಿ 85 ಶೇಕಡ ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಎಂದು ಕೇಂದ್ರ 2014ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. 2015ರ ಏಪ್ರಿಲ್ 1ಕ್ಕೆ ಜಾರಿ ಆಗಬೇಕಿತ್ತು. ತಾರೀಕು ಹತ್ತಿರ ಬಂದಾಗ ಸಂಸತ್ತಿನ ಒಂದು ಸಮಿತಿ ತಡೆಯಿರಿ ಎಂದಿತು, ಸರ್ಕಾರ ತಡೆಯಿತು. ತಂಬಾಕು ಬೆಳೆಗಾರರ, ಬೀಡಿ ಕಟ್ಟುವವರ ಹೊಟ್ಟೆಪಾಡಿನ ಮಾತು ಆಗಲೂ ಮುಂದೆ ಬಂತು. ವೈದ್ಯರು, ಕ್ಯಾನ್ಸರ್‌ನಿಂದ ಬಳಲಿದವರು, ಅವರ ಮನೆಯವರು ಗಟ್ಟಿಯಾಗಿ ದನಿ ಎತ್ತಿದರು. ಕೋರ್ಟಿಗೂ ಹೋದರು. ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. 2017ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಇವತ್ತು ಪೊಟ್ಟಣದ ಮೇಲೆ ನೀವು ನೋಡುವ ಆ ಭಯಂಕರ ಚಿತ್ರ ಇಷ್ಟು ಎಳೆದಾಟ ದಾಟಿ ಬಂದದ್ದು. ಜನ ಬಿಡಲಿಲ್ಲ, ಅದಕ್ಕೆ ಉಳಿಯಿತು.

ಇವೆರಡನ್ನೂ ನಮ್ಮ ನಡವಳಿಯ ಪಕ್ಕ ಇಟ್ಟು ಓದಿದರೆ ಹಿಂದೆಗೆಯುವ ರೀತಿ ಒಂದೇ ಎಂದು ಕಾಣುತ್ತದೆ. ನಿಯಮ ಬರುವಾಗ ಎಲ್ಲರೆದುರು ಬರುತ್ತದೆ, ಚರ್ಚೆ ಆಗುತ್ತದೆ, ವರ್ಷಗಟ್ಟಲೆ ಹಿಡಿಯುತ್ತದೆ. ಹೋಗುವಾಗ ಒಂದು ಮಧ್ಯಾಹ್ನ ಸಾಕು. ಮುಂದೆ ನಿಲ್ಲಿಸುವುದು ಬಡವರನ್ನು: ಮೂಲೆ ಅಂಗಡಿಯವ, ಬೀಡಿ ಕಟ್ಟುವವಳು, ನಮ್ಮ ಊರಿನ ಅಕ್ಕ. ಅವರಿಗಾಗಿ ಬೇರೆ ಏನನ್ನೂ ಮಾಡದವರು ನಿಯಮ ತೆಗೆಯುವ ದಿನ ಮಾತ್ರ ಅವರ ಹೆಸರು ಹೇಳುತ್ತಾರೆ.

ಈಗಿನ ಸ್ಥಿತಿ

ವಿಷಯ ಗೊತ್ತಾದ ವಾರವೇ ಮೀನು ಮಾರುವ ಹೆಂಗಸರು ಪಂಚಾಯ್ತಿ ಕಚೇರಿಗೆ ಹೋದರು. ನಾವೂ ಹೋದೆವು. "ನಾವು ಕೈ ಎತ್ತಿ ಮಾಡಿದ ಠರಾವು, ನಮ್ಮನ್ನು ಕೇಳದೆ ಹ್ಯಾಂಗೆ ತೆಗೆದ್ರಿ?" ಎಂದು ಆ ಖಲಾಸಿ ಹುಡುಗನ ತಾಯಿ ಕೇಳಿದರು. ಅಧಿಕಾರಿಗಳ ಉತ್ತರ, ತೆಗೆದಿಲ್ಲ, ಅಳತೆ ಸ್ಪಷ್ಟಪಡಿಸಿದ್ದೇವೆ ಎಂದು. ಒಬ್ಬ ಸದಸ್ಯರು ಮಾತ್ರ ತಲೆ ತಗ್ಗಿಸಿ, ಸಭೆಯಲ್ಲಿ ಯಾರೂ ವಿರೋಧ ಮಾಡಲಿಲ್ಲ ಅಕ್ಕ, ನಾನೂ ಮಾಡಲಿಲ್ಲ ಎಂದರು. ಅಷ್ಟು ಹೇಳುವ ಮನಸ್ಸಾದರೂ ಅವರಿಗಿತ್ತು.

ಹೆಡ್ ಮಾಸ್ತರು ನೌಕರಿಯಲ್ಲಿರುವವರು, ಮೇಲಿನವರಿಗೆ ಪತ್ರ ಬರೆದರು, ಅದಕ್ಕಿಂತ ಜಾಸ್ತಿ ಅವರಿಂದ ಕೇಳುವುದು ಸರಿಯಲ್ಲ. ಜಿಲ್ಲೆಯ ತಂಬಾಕು ನಿಯಂತ್ರಣ ಕೋಶಕ್ಕೆ ದೂರು ಹೋಯಿತು. ಅವರು ಬಂದು ಎರಡು ಅಂಗಡಿಗಳಿಗೆ ದಂಡ ಹಾಕಿದರು. ಮರುದಿನ ಸರ ಮತ್ತೆ ತೂಗಿತು. 200 ರೂಪಾಯಿಯ ಕಾಲಕ್ಕೆ ನಾವು ವಾಪಸ್ ಬಂದಿದ್ದೆವು.

ಅಷ್ಟರಲ್ಲಿ ರಾಜ್ಯದ ಕಾನೂನು ಗಟ್ಟಿಯಾಯಿತು. 2024ರಲ್ಲಿ ವಿಧಾನಮಂಡಲ ಒಪ್ಪಿದ ಕೋಟ್ಪಾ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತ ಸಿಕ್ಕಿತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಬಿಡಿ ಸಿಗರೇಟು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1000ಕ್ಕೆ ಏರಿತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷ ರೂಪಾಯಿ ದಂಡ. ಬೆಂಗಳೂರಿನಲ್ಲಿ ಕಾನೂನು ಬಿಗಿಯಾದ ಹೊತ್ತಿಗೆ ನಮ್ಮ ಗೇಟಿನಲ್ಲಿ ಅದು ಸಡಿಲವಾಗಿ ನಿಂತಿದೆ. ಬಸ್ ಸ್ಟಾಪಿನಲ್ಲಿ ಇವತ್ತೂ ಒಂದೊಂದೇ ಸಿಗರೇಟು ಸಿಗುತ್ತದೆ. 21 ಆಯಿತಾ ಎಂದು ಕೇಳುವವರನ್ನು ನಾನಂತೂ ನೋಡಿಲ್ಲ.

ಹಾಗಾಗಿ ಗ್ರಾಮಸಭೆಗೆ ಹೊಸ ಠರಾವಿನ ಕರಡು ಕೊಟ್ಟಿದ್ದೇವೆ. ಇದನ್ನು ಬರೆಯುವಾಗ ನಾಲ್ಕು ಅಂಗಡಿಗಳಲ್ಲಿ ಮೊದಲಿದ್ದವರನ್ನು ಕೂರಿಸಿಕೊಂಡು ಮಾತಾಡಿದೆವು. ಆ ಅಕ್ಕ ಕೇಳಿದ್ದು ದೊಡ್ಡದೇನಲ್ಲ. ನೆಲಬಾಡಿಗೆ ಅರ್ಧ ಮಾಡಿ, ಶಾಲೆಯ ಕಾರ್ಯಕ್ರಮಗಳಿಗೆ ಚಾ ತಿಂಡಿ ನಮ್ಮಿಂದಲೇ ತಗೊಳ್ಳಿ, ನೋಟ್‌ಬುಕ್ ಪೆನ್ಸಿಲ್ ಇಡಲು ಒಂದು ಸಾಲ ಮಾಡಿಸಿಕೊಡಿ ಎಂದಳು. ಸಂಜೀವಿನಿ ಸ್ವಸಹಾಯ ಸಂಘದಿಂದ ಸಾಲ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆ ಹೇಳಿದರು, ಅರ್ಜಿಯನ್ನು ತಾವೇ ತುಂಬಿಸಿದರು. ಇದೆಲ್ಲ ಕರಡಿನಲ್ಲಿ ಸೇರಿದೆ. ತಂಬಾಕು ಬಿಟ್ಟ ಅಂಗಡಿಗೆ ಎರಡು ವರ್ಷ ಅರ್ಧ ಬಾಡಿಗೆ. ಖಾಲಿ ಆದ ಜಾಗವನ್ನು ಮೊದಲು ಹಳಬರಿಗೇ ಕೇಳಬೇಕು.

ಅಳತೆಯ ಬಗ್ಗೆ ಯಾರಿಗೂ ಎರಡನೇ ಅರ್ಥ ಮಾಡಲು ಬಾರದಂತೆ ಬರೆದಿದ್ದೇವೆ: "ಶಾಲೆಯ ಕಾಂಪೌಂಡಿನ ಹೊರ ಅಂಚಿನ ಪ್ರತಿ ಬಿಂದುವಿನಿಂದ ನೇರ ಅಳತೆ." ನಕ್ಷೆಯನ್ನೂ ಲಗತ್ತಿಸಿದ್ದೇವೆ, ನಾಲ್ಕೂ ಅಂಗಡಿಗಳ ಜಾಗ ಗುರುತು ಹಾಕಿ. ಮೆಸೇಜಿನಲ್ಲಿ ವೇಪ್ ತಂದುಕೊಡುವವರ ಬಗ್ಗೆ ಮಾಹಿತಿ ಬಂದರೆ ಪಂಚಾಯ್ತಿಯೇ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಬೇಕು, ಸಿಕ್ಕಿಬಿದ್ದ ಮಗುವಿನ ಹೆಸರು ಅದರಲ್ಲಿ ಇರಬಾರದು ಎಂಬ ಸಾಲು ಇದೆ. ಕೊನೆಯ ಸಾಲಿಗೆ ಆ ಮೀನು ಮಾರುವ ತಾಯಿಯೇ ಹಟ ಹಿಡಿದರು: ಈ ಠರಾವನ್ನು ಬದಲಿಸುವುದಾದರೆ ಗ್ರಾಮಸಭೆಯಲ್ಲೇ ಬದಲಿಸಬೇಕು, ಅದಕ್ಕೆ ಏಳು ದಿನ ಮೊದಲು ಡಂಗುರ ಹೊಡೆಸಬೇಕು, ಶಾಲೆಯ ಗೇಟಿಗೆ ನೋಟಿಸು ಅಂಟಿಸಬೇಕು. ಪಿಡಿಒ ಅವರು ಕರಡು ತೆಗೆದುಕೊಂಡು ಸ್ವೀಕೃತಿ ಕೊಟ್ಟಿದ್ದಾರೆ. ವಿಷಯಪಟ್ಟಿಯಲ್ಲಿ ಅದಕ್ಕೆ ನಂಬರು ಬೀಳುವ ತನಕ ವಾರಕ್ಕೊಮ್ಮೆ ಕಚೇರಿಗೆ ಹೋಗಿ ಕೇಳುವುದು ಎಂದು ಹೆಂಗಸರು ಪಾಳಿ ಹಾಕಿಕೊಂಡಿದ್ದಾರೆ.